ಸಾಲದಿಂದ ಖಿನ್ನತೆಯಾ, ಖಿನ್ನತೆಯಿಂದ ಸಾಲವಾ? ಎಂಎಸ್‌ಡಬ್ಲ್ಯೂ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಬಯಲುಸೀಮೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಮೈಕ್ರೋಫೈನಾನ್ಸ್ ಸಂಘಗಳಲ್ಲಿ ಸಾಲ ತೆಗೆದುಕೊಂಡ ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ ಪ್ರಾಜೆಕ್ಟ್. ನಮ್ಮ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ನೂರಕ್ಕಿಂತ ಸ್ವಲ್ಪ ಜಾಸ್ತಿ ಜನರನ್ನು ಮಾತಾಡಿಸಿದ್ದೇನೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೇಳಿದ್ದೇನೆ, ಜೊತೆಗೆ ಎಷ್ಟು ಸಾಲ, ಎಷ್ಟು ಕಡೆ ಸಾಲ, ವಾರದ ಕಂತಾ ತಿಂಗಳ ಕಂತಾ, ಗಂಡನಿಗೆ ಏನು ಕೆಲಸ, ಸ್ವಂತ ಜಮೀನು ಇದೆಯಾ ಅಂತ ನಾನೇ ಮಾಡಿಕೊಂಡ ಒಂದು ಪ್ರಶ್ನಾವಳಿ.

ಲೆಕ್ಕ ಹಾಕಿ ನೋಡಿದರೆ ಮೂರು ನಾಲ್ಕು ಫೈನಾನ್ಸ್‌ಗಳಲ್ಲಿ ಸಾಲ ಇರುವವರ ಸ್ಕೋರ್ ಎದ್ದು ಕಾಣುವಷ್ಟು ಜಾಸ್ತಿ ಬರುತ್ತಿದೆ. ನಮ್ಮ ಗೈಡ್ "ಸಾಲದ ಹೊರೆಯಿಂದ ಖಿನ್ನತೆ ಬರುತ್ತದೆ ಅಂತ ತೀರ್ಮಾನ ಬರೆದು ಮುಗಿಸಮ್ಮ, ಇನ್ನೇನಿದೆ ಅದರಲ್ಲಿ" ಅಂತಾರೆ. ನನಗೆ ಹಾಗೆ ಬರೆಯೋಕೆ ಕೈ ಓಡುತ್ತಿಲ್ಲ. ಯಾಕೆಂದರೆ ಒಬ್ಬರು ಹೆಂಗಸು ಮಗು ಹೋದ ಮೇಲೆ ಏಳೋಕೇ ಮನಸ್ಸಾಗುತ್ತಿರಲಿಲ್ಲ, ಕೂಲಿಗೆ ಹೋಗೋದು ಬಿಟ್ಟೆ, ಆಮೇಲೇ ಸಾಲ ಮಾಡಿದ್ದು ಅಂದರು. ಅಂದರೆ ಅಲ್ಲಿ ಖಿನ್ನತೆ ಮೊದಲು, ಸಾಲ ಆಮೇಲೆ. ಇನ್ನು ಕೆಲವರ ಮನೆಯಲ್ಲಿ ಗಂಡನ ಕುಡಿತವೇ ಎರಡಕ್ಕೂ ಕಾರಣ ಅನ್ನಿಸುತ್ತೆ.

ಇದನ್ನು ಸಂಶೋಧನೆ ಮಾಡುವವರು ಹೇಗೆ ಬಿಡಿಸುತ್ತಾರೆ? ಅಥವಾ ಬಿಡಿಸೋಕೇ ಆಗಲ್ವಾ? ಇಂಗ್ಲಿಷ್ ಪೇಪರ್‌ಗಳು ಓದಿದರೆ ಅರ್ಧ ತಲೆಗೆ ಹೋಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಕನ್ನಡದಲ್ಲಿ ಹೇಳಿ.

---

ಅಂಕಿಅಂಶ ರಾಯರು

ಕೈ ಓಡದೇ ಇದ್ದದ್ದು ಒಳ್ಳೆಯದೇ ಆಯಿತು. ಒಂದೇ ಸಲ ಹೋಗಿ ಒಂದೇ ದಿನ ಎರಡೂ ಪ್ರಶ್ನೆ ಕೇಳಿದ ಸಮೀಕ್ಷೆಯಿಂದ ಯಾವುದು ಮೊದಲು ಅಂತ ಹೇಳೋಕೆ ಆಗುವುದಿಲ್ಲ. ನೀವು ಎಂಥ ಸಾಫ್ಟ್‌ವೇರ್ ಹಾಕಿದರೂ ಆಗುವುದಿಲ್ಲ.

ಈ ಜಗಳ ಹಳೆಯದು. 1939ರಲ್ಲಿ ಫ್ಯಾರಿಸ್ ಮತ್ತು ಡನ್‌ಹ್ಯಾಮ್ ಅಂತ ಇಬ್ಬರು ಸಮಾಜಶಾಸ್ತ್ರಜ್ಞರು ಷಿಕಾಗೋದ ಆಸ್ಪತ್ರೆ ದಾಖಲೆಗಳನ್ನು ಹಿಡಿದು ಯಾವ ಬಡಾವಣೆಯಿಂದ ಎಷ್ಟು ಜನ ದಾಖಲಾಗಿದ್ದಾರೆ ಅಂತ ನಕ್ಷೆ ಮಾಡಿದರು. ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ) ಇದ್ದವರು ಊರ ನಡುವಿನ ಬಡ ಬೀದಿಗಳಲ್ಲಿ ಗುಂಪಾಗಿದ್ದರು. ಅವರು ಕಾರಣವನ್ನು ಆ ಬೀದಿಗಳ ಬದುಕಿನಲ್ಲಿ ಹುಡುಕಿದರು. ಬೇರೆಯವರು ತಿರುಗಿ ಕೇಳಿದರು, ಕಾಯಿಲೆ ಬಂದು ಕೆಲಸ ಕಳೆದುಕೊಂಡವರೇ ಬಾಡಿಗೆ ಕಡಿಮೆ ಇರುವ ಬೀದಿಗೆ ಬಂದು ಸೇರಿರಬಹುದಲ್ಲ? 1963ರಲ್ಲಿ ಗೋಲ್ಡ್‌ಬರ್ಗ್ ಮತ್ತು ಮಾರಿಸನ್ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಕಿಜೋಫ್ರೇನಿಯಾ ರೋಗಿಗಳ ಅಪ್ಪಂದಿರು ಏನು ಕೆಲಸ ಮಾಡುತ್ತಿದ್ದರು ಅಂತ ತೆಗೆದು ನೋಡಿದರು. ಮಕ್ಕಳು ಕೆಳಗಿನ ಕೆಲಸಗಳಲ್ಲಿದ್ದರು, ಅಪ್ಪಂದಿರು ಮಾತ್ರ ಊರಿನ ಉಳಿದ ಜನರ ಹಾಗೇ ಎಲ್ಲಾ ಥರದ ಕೆಲಸದಲ್ಲೂ ಹಂಚಿಹೋಗಿದ್ದರು. ಅಂದರೆ ಕಾಯಿಲೆಯಿಂದಲೇ ಕೆಳಗೆ ಜಾರಿದ್ದಾರೆ.

ಇದನ್ನು ಬಿಡಿಸೋಕೆ ನನಗೆ ಗೊತ್ತಿರುವ ಅತ್ಯಂತ ಜಾಣ ಉಪಾಯ ಬ್ರೂಸ್ ಡೋರೆನ್‌ವೆಂಡ್ ತಂಡದ್ದು, 1992ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಇಸ್ರೇಲ್‌ನಲ್ಲಿ ಯೂರೋಪ್ ಮೂಲದ ಯಹೂದಿಗಳು ಮತ್ತು ಉತ್ತರ ಆಫ್ರಿಕಾ ಮೂಲದ ಯಹೂದಿಗಳು ಇದ್ದಾರೆ. ಎರಡನೆಯವರಿಗೆ ತಾರತಮ್ಯ ಜಾಸ್ತಿ. ಈಗ ಎರಡೂ ಗುಂಪಿನಲ್ಲಿ ಒಂದೇ ಮಟ್ಟದ ಬಡವರನ್ನು ಮಾತ್ರ ತೆಗೆದುಕೊಳ್ಳಿ. ಕಷ್ಟವೇ ಕಾಯಿಲೆ ತರುವುದಾದರೆ, ಬಡತನದ ಮೇಲೆ ತಾರತಮ್ಯವನ್ನೂ ಉಂಡ ಉತ್ತರ ಆಫ್ರಿಕಾದವರಲ್ಲಿ ಕಾಯಿಲೆ ಜಾಸ್ತಿ ಇರಬೇಕು. ಅದರ ಬದಲು ಕಾಯಿಲೆಯೇ ಜನರನ್ನು ಕೆಳಗೆ ತಳ್ಳುವುದಾದರೆ ಉಲ್ಟಾ ಆಗಬೇಕು. ಯೂರೋಪ್ ಮೂಲದವರಿಗೆ ಮೇಲೆ ಬರೋಕೆ ಅಡ್ಡಿ ಕಡಿಮೆ, ಹಾಗಿದ್ದೂ ಕೆಳಗೆ ಉಳಿದವರು ಅಂದರೆ ಏನೋ ಕಾಯಿಲೆ ಇದ್ದವರೇ ಜಾಸ್ತಿ, ಹಾಗಾಗಿ ಅವರಲ್ಲೇ ಹೆಚ್ಚು ಕಾಣಬೇಕು. ಇದು ಅರ್ಥವಾಗೋಕೆ ಎರಡು ಸಲ ಓದಬೇಕಾಗುತ್ತೆ, ಪರವಾಗಿಲ್ಲ.

ಸಿಕ್ಕಿದ್ದು ಏನು? ಸ್ಕಿಜೋಫ್ರೇನಿಯಾಗೆ ಎರಡನೆಯ ವಾದ ಹೊಂದಿತು. ಹೆಂಗಸರ ಖಿನ್ನತೆಗೆ, ಗಂಡಸರ ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಮೊದಲನೆಯದು ಹೊಂದಿತು. ಅಂದರೆ "ಮಾನಸಿಕ ಆರೋಗ್ಯ" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಕೇಳಿದರೆ ಉತ್ತರವೇ ಬರಲ್ಲ. ನಿಮ್ಮದು ಖಿನ್ನತೆ, ಹೆಂಗಸರು. ಆದ್ದರಿಂದ ನಿಮ್ಮ ಗೈಡ್ ಹೇಳುತ್ತಿರುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಮ್ಮ ದತ್ತಾಂಶ ಅದನ್ನು ತೋರಿಸುವುದಿಲ್ಲ ಅಷ್ಟೇ.

---

ಸುಮ್ನೆ ಓದುಗ

ಬೀಜ ಮೊದಲಾ ಮರ ಮೊದಲಾ ಅನ್ನೋ ಥರ ಆಯ್ತು ಇದು. ನನ್ನದು ಒಂದು ನೇರ ಪ್ರಶ್ನೆ. ಸಾಲವೇ ಕಾರಣ ಆದ್ರೆ ದುಡ್ಡು ಕೊಟ್ಟರೆ ವಾಸಿಯಾಗಬೇಕಲ್ವಾ? ಕೊಟ್ಟು ನೋಡಿದವರು ಯಾರಾದರೂ ಇದ್ದಾರಾ? ಇಲ್ಲ ಅಂದರೆ ಇದೆಲ್ಲಾ ಬರೀ ಪೇಪರ್ ಮೇಲಿನ ವಾದ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಇರುವವರೆಲ್ಲ ದುಡ್ಡಿದ್ದವರೇ, ಅರ್ಧ ಜನ ಮಾತ್ರೆ ನುಂಗುತ್ತಾರೆ.

---

ತುಂಗಾತೀರ

ಕೊಟ್ಟು ನೋಡಿದವರು ಇದ್ದಾರೆ ಸರ್, ತುಂಬಾ ಜನ. ನಾನು ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವುದರಿಂದ ಇವು ನನಗೆ ದಿನದ ಊಟ.

ಮೊದಲು ಎಲ್ಲರೂ ಹೇಳುವ ಕಥೆ. ಅಮೆರಿಕದ ಉತ್ತರ ಕೆರೊಲಿನಾದ ಪಶ್ಚಿಮ ಭಾಗದಲ್ಲಿ ಜೇನ್ ಕಾಸ್ಟೆಲೊ ಮತ್ತು ಸಂಗಡಿಗರು 1993ರಿಂದ 1,420 ಮಕ್ಕಳನ್ನು ವರ್ಷವರ್ಷ ಭೇಟಿಯಾಗಿ ಮಾನಸಿಕ ಆರೋಗ್ಯ ನೋಡುತ್ತಿದ್ದರು. ಅವರಲ್ಲಿ ಕಾಲು ಭಾಗದಷ್ಟು ಚೆರೋಕೀ ಬುಡಕಟ್ಟಿನ ಮಕ್ಕಳು. ಅಧ್ಯಯನ ನಡೆಯುತ್ತಿರುವಾಗಲೇ ಚೆರೋಕೀಗಳ ಜಾಗದಲ್ಲಿ ಕ್ಯಾಸಿನೊ ಶುರುವಾಯಿತು, ಅದರ ಲಾಭದಲ್ಲಿ ಬುಡಕಟ್ಟಿನ ಪ್ರತಿಯೊಬ್ಬರಿಗೂ ಪಾಲು ಬರತೊಡಗಿತು. ಕೆಲಸ ಮಾಡಿದವರಿಗೂ ಮಾಡದವರಿಗೂ, ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಒಂದೇ ಪಾಲು. ಪಕ್ಕದ ಬಿಳಿಯರ ಮಕ್ಕಳಿಗೆ ಏನೂ ಇಲ್ಲ. ಸಂಶೋಧಕರು ಬೇಕು ಅಂದರೂ ಇಂಥ ಪ್ರಯೋಗ ಮಾಡೋಕೆ ಆಗುತ್ತಿರಲಿಲ್ಲ. 2003ರಲ್ಲಿ ಬಂದ ಫಲಿತಾಂಶ ಏನೆಂದರೆ ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಹಟ, ಜಗಳ, ಕಳ್ಳತನದಂಥ ನಡವಳಿಕೆ ಸಮಸ್ಯೆ ಇಳಿಯಿತು, ಎಂದೂ ಬಡವರಲ್ಲದ ಮಕ್ಕಳ ಮಟ್ಟಕ್ಕೇ ಬಂತು. ಆದರೆ ಆತಂಕ, ಖಿನ್ನತೆ ಅಲ್ಲಾಡಲಿಲ್ಲ. ನಡವಳಿಕೆ ಯಾಕೆ ಸುಧಾರಿಸಿತು ಅಂತ ಹುಡುಕಿದರೆ, ಅಪ್ಪ ಅಮ್ಮನಿಗೆ ಮಕ್ಕಳ ಮೇಲೆ ಕಣ್ಣಿಡೋಕೆ ಪುರುಸೊತ್ತು ಸಿಕ್ಕಿತ್ತು.

ಇದನ್ನು ಉಲ್ಲೇಖಿಸುವವರೆಲ್ಲ ಮೊದಲರ್ಧ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಸಿಟ್ಟು.

ದೊಡ್ಡವರ ಲೆಕ್ಕ ಬೇರೆ. ಇಂಡೊನೇಷ್ಯಾದಲ್ಲಿ ಸರ್ಕಾರ ಬಡ ಕುಟುಂಬಗಳಿಗೆ ದುಡ್ಡು ಕೊಡುವ ಯೋಜನೆಯನ್ನು ಹಂತಹಂತವಾಗಿ ತಂದಾಗ, ಯೋಜನೆ ಬಂದ ಕಡೆ ಆತ್ಮಹತ್ಯೆ ಪ್ರಮಾಣ ಶೇ 18ರಷ್ಟು ಇಳಿಯಿತು ಅಂತ ಕ್ರಿಶ್ಚಿಯನ್, ಹೆನ್ಸೆಲ್, ರಾತ್ ಅನ್ನುವವರು 2019ರಲ್ಲಿ ತೋರಿಸಿದರು. ಕೆನ್ಯಾದಲ್ಲಿ ಹಳ್ಳಿಯವರಿಗೆ ಸುಮ್ನೆ ನಗದು ಕೊಟ್ಟು ನೋಡಿದಾಗಲೂ ಜನರ ನೆಮ್ಮದಿ ಹೆಚ್ಚಿತ್ತು, ಹೌಸ್‌ಹೋಫರ್ ಮತ್ತು ಶಪೀರೊ ಅವರ ಕೆಲಸ ಅದು. ಎರಡೂ ದಿಕ್ಕಿನ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ರಿಡ್ಲಿ, ಗೌತಮ್ ರಾವ್, ಶಿಲ್ಬಾಕ್, ವಿಕ್ರಮ್ ಪಟೇಲ್ 2020ರಲ್ಲಿ ಸೈನ್ಸ್‌ನಲ್ಲಿ ಒಂದು ಲೇಖನ ಬರೆದಿದ್ದಾರೆ. ಬಯಲುಸೀಮೆಯವರೇ, ಒಂದೇ ಒಂದು ಪೇಪರ್ ಓದುವುದಾದರೆ ಅದನ್ನು ಓದಿ. ಬಡತನದಿಂದ ಖಿನ್ನತೆ, ಖಿನ್ನತೆಯಿಂದ ಬಡತನ, ಎರಡೂ ನಡೆಯುತ್ತವೆ ಅಂತಲೇ ಅವರ ಮಾತು, ಆದರೆ ಪ್ರತಿಯೊಂದಕ್ಕೂ ಯಾವ ದಾರಿ ಅಂತ ಬಿಡಿಸಿ ಹೇಳುತ್ತಾರೆ.

ಈಗ ನಮ್ಮ ರಾಜ್ಯದ್ದು. ಇದು ನಿಮ್ಮ ಪ್ರಾಜೆಕ್ಟ್‌ಗೆ ಇರಲೇಬೇಕು. ಮಾನುವೆಲಾ ಆಂಜೆಲುಚಿ ಮತ್ತು ಡೇನಿಯಲ್ ಬೆನೆಟ್ ಕರ್ನಾಟಕದಲ್ಲೇ ಖಿನ್ನತೆ ಇದ್ದ 1,000 ಜನರ ಮೇಲೆ ಪ್ರಯೋಗ ಮಾಡಿ 2024ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಚೀಟಿ ಎತ್ತಿದ ಹಾಗೆ ಕೆಲವರಿಗೆ ಔಷಧಿ ಚಿಕಿತ್ಸೆ, ಕೆಲವರಿಗೆ ಜೀವನೋಪಾಯಕ್ಕೆ ನೆರವು, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಎರಡೂ ಸಿಕ್ಕವರ ಖಿನ್ನತೆ ಇಳಿಯಿತು, ಚಿಕಿತ್ಸೆ ನಿಂತ ಮೇಲೂ ಆ ಲಾಭ ಉಳಿಯಿತು. ಬರೀ ಔಷಧಿ ಸಿಕ್ಕವರಲ್ಲಿ ಪರಿಣಾಮ ಸಣ್ಣದು, ಬೇಗ ಕರಗಿತು. ಇನ್ನೊಂದು ಮಾತು, ಖಿನ್ನತೆ ಇಳಿದರೆ ಸಂಪಾದನೆ ಏರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತೇವಲ್ಲ, ಅದು ಇಲ್ಲಿ ಗಟ್ಟಿಯಾಗಿ ಕಾಣಲಿಲ್ಲ. ಸಂಪಾದನೆ, ಖರ್ಚು, ಮಕ್ಕಳ ಮೇಲಿನ ಹೂಡಿಕೆ, ಯಾವುದರಲ್ಲೂ ಹೇಳಿಕೊಳ್ಳುವಂಥ ಏರಿಕೆ ಇಲ್ಲ.

ನನ್ನ ಮಟ್ಟಿಗೆ ಅದು ನಿರಾಶೆಯ ಫಲಿತಾಂಶ ಏನಲ್ಲ. ಮನಸ್ಸು ಹಗುರವಾದರೆ ಅಷ್ಟೇ ಸಾಕು, ಆಮೇಲೆ ದುಡೀಲೇಬೇಕು ಅಂತ ಯಾಕೆ ಲೆಕ್ಕ? ಚಿಕಿತ್ಸೆಗೆ ದುಡ್ಡು ಕೇಳುವಾಗ ಸರ್ಕಾರದ ಮುಂದೆ "ಇದರಿಂದ ಉತ್ಪಾದಕತೆ ಹೆಚ್ಚುತ್ತೆ" ಅಂತ ಹೇಳುವ ಚಾಳಿ ನಮ್ಮ ಕ್ಷೇತ್ರದವರಿಗೆ ಅಂಟಿದೆ.

---

ಸುಮ್ನೆ ಓದುಗ

ಸರಿ, ಇದು ಕೆಲಸಕ್ಕೆ ಬರೋ ಮಾತು. ಹಾಗಾದರೆ ಗೃಹಲಕ್ಷ್ಮಿ 2,000 ಬಂದ ಮೇಲೆ ನಮ್ಮ ಹೆಂಗಸರ ಖಿನ್ನತೆ ಇಳಿದಿದೆಯಾ ನೋಡಬಹುದಲ್ಲ? ಕ್ಯಾಸಿನೊ ಯಾಕೆ ಬೇಕು?

---

ಅಂಕಿಅಂಶ ರಾಯರು

ಹೇಳಿದಷ್ಟು ಸುಲಭ ಇಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದಾಗ ರಾಜ್ಯದ ಉದ್ದಗಲಕ್ಕೂ ಒಟ್ಟಿಗೆ ಶುರುವಾಯಿತು. ಈ ಹಳ್ಳಿಗೆ ಮೊದಲು, ಆ ಹಳ್ಳಿಗೆ ಆಮೇಲೆ ಅಂತ ಇದ್ದಿದ್ದರೆ ಹೋಲಿಸಬಹುದಿತ್ತು. ಸಿಗದೇ ಇರುವವರು ಅಂದರೆ ತೆರಿಗೆ ಕಟ್ಟುವ ಮನೆಯವರು ಇಲ್ಲವೇ ದಾಖಲೆ ಸರಿಯಿಲ್ಲದವರು, ಅವರನ್ನು ಉಳಿದವರ ಜೊತೆ ಇಟ್ಟು ನೋಡಿದರೆ ಏನೂ ಅರ್ಥವಾಗಲ್ಲ. ಮೇಲಾಗಿ ಅದೇ ವರ್ಷ ಬಸ್ಸೂ ಉಚಿತವಾಯಿತು, ಅಕ್ಕಿಯ ಬದಲು ದುಡ್ಡೂ ಬಂತು, ಮಳೆಯೂ ಕೈ ಕೊಟ್ಟಿತು. ಹಣ ತಡವಾಗಿ ಬಂದ ತಿಂಗಳುಗಳನ್ನು ಹಿಡಿದು ಏನಾದರೂ ಮಾಡಬಹುದೇನೋ. ಮೊದಲಿನ ಅಳತೆ ಬೇಕಲ್ಲ, ಅದೇ ಇಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 12 ರಾಜ್ಯಗಳಿದ್ದವು, ಅದರಲ್ಲಿ ಕರ್ನಾಟಕವೇ ಇಲ್ಲ. ಪೂರ್ವಸಿದ್ಧತೆಯ ಪ್ರಯೋಗ ಮಾತ್ರ ಕೋಲಾರದಲ್ಲಿ ಆಯಿತು. ನಿಮ್ಹಾನ್ಸ್ ಇರೋ ರಾಜ್ಯದ ಅಂಕಿ ಅದರಲ್ಲಿ ಸಿಗಲ್ಲ, ನೋಡಿ.

---

ಡಿಸ್ಟ್ರಿಕ್ಟ್ ಡೈರಿ

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೋಶಿಯಲ್ ವರ್ಕರ್. ಮೇಲಿನ ಪೇಪರ್ ಚರ್ಚೆ ಚೆನ್ನಾಗಿದೆ, ಆದರೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಬಂದ ಹೆಂಗಸಿಗೆ ಯಾವುದು ಮೊದಲು ಅನ್ನೋದು ಮುಖ್ಯ ಅಲ್ಲ. ಅವರು ಬರುವುದೇ ತಲೆನೋವು, ನಿದ್ದೆ ಇಲ್ಲ, ಮೈಕೈ ಉರಿ, ಸುಸ್ತು ಅಂತ. ಗ್ಲೂಕೋಸ್ ಹಾಕಿ ಅಂತಾರೆ. ಕೂರಿಸಿ ಮಾತಾಡಿಸಿದರೆ ಮೂರನೇ ಭೇಟಿಗೆ ಸಾಲದ ಮಾತು ಬರುತ್ತೆ, ನಾಲ್ಕನೇದಕ್ಕೆ ಮನೆಯೊಳಗಿನ ಹೊಡೆತದ ಮಾತು.

ತಂಗಿ, ನಿನಗೆ ಕೆಲವು ಪ್ರಶ್ನೆ ಇದೆ. ಪಿಎಚ್‌ಕ್ಯೂ-9 ಎಲ್ಲಿ ಕೂತು ಕೇಳಿದೆ? ಕಂತು ಕಟ್ಟೋಕೆ ಸಂಘದವರು ಸೇರುವ ಸೆಂಟರ್ ಮೀಟಿಂಗ್ ನಡೆಯುವ ಜಗುಲಿಯಲ್ಲೇ ಕೇಳಿದ್ದರೆ ಆ ಉತ್ತರಗಳನ್ನು ನಾನು ನಂಬಲ್ಲ. ಐದು ಜನ ಒಬ್ಬರಿಗೊಬ್ಬರು ಜಾಮೀನು ಇರುವ ಗುಂಪು ಅದು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತುಂಬಬೇಕು. ಪಕ್ಕದಲ್ಲಿ ಅವರೇ ಕೂತಿರುವಾಗ "ನನಗೆ ಯಾವುದರಲ್ಲೂ ಆಸಕ್ತಿ ಇಲ್ಲ" ಅಂತ ಯಾರು ಹೇಳುತ್ತಾರೆ? ಹೇಳಿದರೆ ಮುಂದಿನ ಸಾಲಕ್ಕೆ ಇವಳು ಬೇಡ ಅಂತಾರೆ.

ಪಿಎಚ್‌ಕ್ಯೂ-9 ಅಂದರೆ ಹಿಂದಿನ ಎರಡು ವಾರದ ಬಗ್ಗೆ ಮಾತ್ರ ಕೇಳುವ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಜಾಸ್ತಿ ಬಂದರೆ ಮುಂದೆ ನೋಡಬೇಕು ಅಂತ ಲೆಕ್ಕ. 10 ಬಂತು ಅಂದರೆ ಖಿನ್ನತೆ ಅಂತ ನಿರ್ಣಯ ಆಯಿತು ಅಂತಲ್ಲ, ಅದನ್ನು ಡಾಕ್ಟರ್ ನೋಡಿ ಹೇಳಬೇಕು. ನಿನ್ನ ವರದಿಯಲ್ಲಿ "ಇಷ್ಟು ಜನರಿಗೆ ಖಿನ್ನತೆ ಇದೆ" ಅಂತ ಬರೆಯಬೇಡ. ಸುಗ್ಗಿ ಇಲ್ಲದ ತಿಂಗಳಲ್ಲಿ ಕೇಳಿದೆಯಾ, ಕಂತಿನ ಹಿಂದಿನ ದಿನ ಕೇಳಿದೆಯಾ, ಅದರ ಮೇಲೂ ಸ್ಕೋರ್ ಏರಿಳಿಯುತ್ತೆ.

ಒಂಬತ್ತನೇ ಪ್ರಶ್ನೆ ಗೊತ್ತಲ್ಲ, ಸತ್ತರೆ ಮೇಲು ಅನ್ನಿಸುತ್ತಾ ಅನ್ನೋದು. ಅದಕ್ಕೆ ಹೌದು ಅಂದವರನ್ನು ಏನು ಮಾಡಿದೆ? ಫಾರಂ ತುಂಬಿಕೊಂಡು ಮುಂದಿನ ಮನೆಗೆ ಹೋಗಿದ್ದರೆ ನಿನ್ನ ಗೈಡ್ ಮೊದಲು ಉತ್ತರ ಕೊಡಬೇಕು. ಈಗಲೂ ತಡವಾಗಿಲ್ಲ, ಆ ಹೆಸರುಗಳನ್ನು ತೆಗಿ, ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಮತ್ತೆ ಮಾತಾಡಿಸು, ತಾಲ್ಲೂಕು ಆಸ್ಪತ್ರೆಗೆ ನಮ್ಮ ತಂಡ ಬರುವ ದಿನ ಕೇಳಿಕೊಂಡು ಕರೆದುಕೊಂಡು ಬಾ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಎಲ್ಲರಿಗೂ ಕೊಡು, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.

ಬೇಜಾರು ಮಾಡ್ಕೋಬೇಡ. ಇದನ್ನು ಹೇಳದೆ ಪೇಪರ್ ಮಾತಾಡುತ್ತಾ ಕೂರೋಕೆ ನನಗೆ ಆಗಲ್ಲ.

---

ಬಯಲುಸೀಮೆ ಹುಡುಗಿ

ಬೇಜಾರು ಇಲ್ಲ ಅಕ್ಕ, ಒಳ್ಳೆದಾಯ್ತು ಕೇಳಿದ್ದು. ಮನೆಯಲ್ಲೇ ಕೇಳಿದ್ದು, ಮೀಟಿಂಗ್‌ನಲ್ಲಿ ಅಲ್ಲ. ಆದರೆ ಕೆಲವರ ಮನೆಯಲ್ಲಿ ಅತ್ತೆ ಅಲ್ಲೇ ಕೂತಿದ್ದರು, ಎದ್ದು ಹೋಗಿ ಅಂತ ಹೇಗೆ ಹೇಳೋದು? ಆ ಫಾರಂಗಳ ಮೇಲೆ ಗುರುತು ಹಾಕಿಟ್ಟಿದ್ದೇನೆ. ಒಂಬತ್ತನೇ ಪ್ರಶ್ನೆಗೆ ಹೌದು ಅಂದವರ ಮನೆಗೆ ಆಶಾ ಅಕ್ಕನ ಜೊತೆ ಅದೇ ವಾರ ಹೋಗಿದ್ದೆ. ಒಬ್ಬರು ಮಾತ್ರ ತವರಿಗೆ ಹೋಗಿದ್ದಾರೆ, ಅವರ ಅಣ್ಣನ ಫೋನ್ ನಂಬರ್ ಆಶಾ ಅಕ್ಕನ ಹತ್ತಿರ ಇದೆಯಂತೆ. ನಾಳೆ ಮಾತಾಡುತ್ತೇವೆ.

ರಾಯರೇ, ತುಂಗಾತೀರ ಅವರೇ, ಅರ್ಥ ಆಯಿತು. ಹಾಗಾದರೆ ನನ್ನ ಹತ್ತಿರ ಇರುವ ದತ್ತಾಂಶದಲ್ಲಿ ಏನು ಬರೆಯಬಹುದು? ಎಲ್ಲಾ ಬಿಸಾಕಬೇಕಾ? ಜೂನ್‌ನಲ್ಲಿ ಸಲ್ಲಿಸಬೇಕು.

---

ತುಂಗಾತೀರ

ಬಿಸಾಕೋದು ಯಾಕೆ? ಪ್ರಶ್ನೆ ಬದಲಾಯಿಸಿ ಅಷ್ಟೇ. ಸಾಲ ಖಿನ್ನತೆ ತರುತ್ತಾ ಅಂತ ಬಿಟ್ಟು, ಸಾಲದಲ್ಲಿ ಯಾವುದು ಹಿಂಡುತ್ತೆ ಅಂತ ಕೇಳಿ. ಮೊತ್ತವಾ, ಎಷ್ಟು ಕಡೆ ಸಾಲ ಅನ್ನೋದಾ, ವಾರವಾರ ಬರುವ ಕಂತಾ, ಗುಂಪಿನವರ ಬಾಯಿಗೆ ಬೀಳುವುದಾ?

ಇದಕ್ಕೆ ನಿಮಗೆ ಒಂದು ಚೆಂದದ ಆಧಾರ ಇದೆ. ಕೋಲ್ಕತ್ತಾದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಇನ್ನಿಬ್ಬರು ಮೈಕ್ರೋಫೈನಾನ್ಸ್ ಸಾಲಗಾರರನ್ನು ತೆಗೆದುಕೊಂಡು ಕೆಲವರಿಗೆ ವಾರದ ಕಂತು, ಕೆಲವರಿಗೆ ತಿಂಗಳ ಕಂತು ಅಂತ ಅದೃಷ್ಟದ ಮೇಲೆ ಹಂಚಿದರು. 200 ಜನರಿಗೆ ಮೊಬೈಲ್ ಕೊಟ್ಟು ಮತ್ತೆ ಮತ್ತೆ ಫೋನ್ ಮಾಡಿ ಕೇಳಿದರು. ತಿಂಗಳ ಕಂತಿನವರು ಸಾಲ ತೀರಿಸುವ ಬಗ್ಗೆ ಚಿಂತೆ, ಆತಂಕ ಇದೆ ಅಂತ ಹೇಳುವ ಸಾಧ್ಯತೆ ಶೇ 51ರಷ್ಟು ಕಡಿಮೆ ಇತ್ತು. 2012ರಲ್ಲಿ ಪ್ರಕಟವಾಗಿದೆ, ಉಚಿತವಾಗಿ ಓದಬಹುದು. ಯೋಚನೆ ಮಾಡಿ, ಸಾಲ ಕಡಿಮೆ ಮಾಡಲಿಲ್ಲ, ಕೊಡುವ ದಿನ ಬದಲಾಯಿಸಿದರು ಅಷ್ಟೇ. ನೀವು ವಾರವಾ ತಿಂಗಳಾ ಅಂತ ಕೇಳಿದ್ದೀರಿ, ಹಾಗಾಗಿ ನಿಮ್ಮ ಹತ್ತಿರ ಹೋಲಿಸೋಕೆ ಕಾಲಂ ಇದೆ. ಆದರೆ ನಿಮ್ಮಲ್ಲಿ ಯಾರಿಗೆ ಯಾವ ಕಂತು ಅಂತ ಹಂಚಿದ್ದು ಅದೃಷ್ಟವಲ್ಲ, ಕಂಪನಿ. ಆ ಮಾತನ್ನು ಸ್ಪಷ್ಟವಾಗಿ ಬರೆಯಿರಿ.

ಇದರ ಇನ್ನೊಂದು ಮುಖವೂ ಇರಲಿ. 2010ರಲ್ಲಿ ಆಂಧ್ರದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ತಡೆ ಹಾಕುವ ಸುಗ್ರೀವಾಜ್ಞೆ ಬಂದಾಗ ಅಲ್ಲಿ ಮರುಪಾವತಿ ನಿಂತೇಹೋಯಿತು, ಅದರ ಏಟಿಗೆ ಬೇರೆ ರಾಜ್ಯಗಳಲ್ಲೂ ಕಂಪನಿಗಳು ಸಾಲ ಕೊಡುವುದನ್ನು ಕಡಿಮೆ ಮಾಡಿದವು. ಹೀಗೆ ಸಾಲ ಬತ್ತಿದ ಜಿಲ್ಲೆಗಳಲ್ಲಿ ಕೂಲಿ ದರವೇ ಇಳಿಯಿತು ಅಂತ ಬ್ರೇಜಾ ಮತ್ತು ಕಿನ್ನನ್ ತೋರಿಸಿದ್ದಾರೆ. ನಮ್ಮಲ್ಲೂ 2025ರಲ್ಲಿ ಕಿರುಕುಳ ತಡೆಯಲು ಕಾನೂನು ಬಂತಲ್ಲ. ಕಿರುಕುಳ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಸಾಲವೇ ಖಳನಾಯಕ" ಅಂತ ಬರೆದರೆ ನಾಳೆ ಯಾರೋ ಸಾಲವನ್ನೇ ನಿಲ್ಲಿಸಿ ಅಂತಾರೆ, ಆಗ ಆ ಹೆಂಗಸರು ಮತ್ತೆ ಮೀಟರ್ ಬಡ್ಡಿಯವನ ಮನೆ ಬಾಗಿಲಿಗೆ.

---

ಕುಂದಾಪ್ರದವ

ಎಲ್ಲರೂ ಅಮೆರಿಕ, ಕೆನ್ಯಾ ಅಂತಿದ್ದೀರಿ, ನಮ್ಮೂರ ಪಕ್ಕದ ಕೋಟದ ಹೆಸರೇ ಇಲ್ಲ ಮಾರಾಯ್ರೆ! ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅನ್ನುವ ಮನೋವೈದ್ಯರು ಕೋಟದಲ್ಲಿ ಬಂಟರು, ಮೊಗವೀರರು, ಬ್ರಾಹ್ಮಣರು ಅಂತ ಮೂರು ಸಮುದಾಯಗಳನ್ನು ಹೋಲಿಸಿ ದೊಡ್ಡ ಅಧ್ಯಯನ ಮಾಡಿದ್ದರು, 1976ರಲ್ಲಿ ಪುಸ್ತಕವಾಗಿ ಬಂತು. ಅಳಿಯಕಟ್ಟು (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಇದ್ದವರು, ಮಕ್ಕಳಕಟ್ಟು (ಅಪ್ಪನಿಂದ ಮಕ್ಕಳಿಗೆ ಬರುವ ಪದ್ಧತಿ) ಇದ್ದವರು, ಕಾಲ ಬದಲಾಗುತ್ತಿದ್ದ ಹಾಗೆ ಯಾರ ಮನಸ್ಸಿನ ಮೇಲೆ ಏನಾಗುತ್ತೆ ಅನ್ನೋದು ಅವರ ಪ್ರಶ್ನೆ. ಜನ ನಾಟಿ ವೈದ್ಯ, ಮಂತ್ರವಾದಿ, ಪಾತ್ರಿ (ಮೈಮೇಲೆ ದೈವ ಬರುವವರು), ಇಂಗ್ಲಿಷ್ ಡಾಕ್ಟರ್ ಯಾರನ್ನೂ ಬಿಡುತ್ತಿರಲಿಲ್ಲ, ಒಂದೇ ತೊಂದರೆಗೆ ಎರಡೂ ಕಡೆ ಹೋಗುತ್ತಿದ್ದರು ಅಂತಲೂ ಬರೆದಿದ್ದಾರೆ. ನಿಮ್ಮ ಪ್ರಶ್ನಾವಳಿಯಲ್ಲಿ "ಇದಕ್ಕೆ ಎಲ್ಲಿಗೆ ಹೋಗಿದ್ದಿರಿ" ಅಂತ ಇದೆಯಾ? ಇಲ್ಲದಿದ್ದರೆ ಸೇರಿಸಿ. ದೇವರ ದರ್ಶನ ಕೇಳೋಕೆ, ಹರಕೆಗೆ ಅಂತ ಖರ್ಚಾಗಿದ್ದೂ ಸಾಲದಲ್ಲಿ ಸೇರಿರುತ್ತೆ.

---

ಡಿಸ್ಟ್ರಿಕ್ಟ್ ಡೈರಿ

ಕುಂದಾಪ್ರದವರು ಹೇಳಿದ್ದು ನಿಜ. ಕಾಯಿಲೆಗಾಗಿಯೇ ಮಾಡಿದ ಸಾಲ ಎಷ್ಟು ಅಂತ ಬೇರೆಯಾಗಿ ಕೇಳು ತಂಗಿ.

ಜಾತಿ ಕಾಲಂ ಇದೆಯಾ? ಕೇಳೋಕೆ ಮುಜುಗರ ಅಂತ ಬಿಡಬೇಡ. ಆಶಿಷ್ ಗುಪ್ತಾ ಮತ್ತು ಡಯೇನ್ ಕಾಫಿ ಅವರು 2020ರಲ್ಲಿ ಬರೆದ ಲೇಖನ ನಮ್ಮ ತರಬೇತಿಯಲ್ಲಿ ಕೊಟ್ಟಿದ್ದರು. ಆಸ್ತಿ, ಖರ್ಚು, ಓದು ಎಲ್ಲಾ ಒಂದೇ ಮಟ್ಟದಲ್ಲಿ ಇಟ್ಟು ನೋಡಿದರೂ ಪರಿಶಿಷ್ಟ ಜಾತಿಯವರು ಮತ್ತು ಮುಸ್ಲಿಮರು ಮೇಲ್ಜಾತಿ ಹಿಂದೂಗಳಿಗಿಂತ ತಮ್ಮ ಮಾನಸಿಕ ಆರೋಗ್ಯ ಕೆಟ್ಟದಾಗಿದೆ ಅಂತ ಹೇಳುತ್ತಾರೆ. ಬರೀ ದುಡ್ಡಿನ ಮಾತಾಗಿದ್ದರೆ ಆ ವ್ಯತ್ಯಾಸ ಮಾಯವಾಗಬೇಕಿತ್ತು. ಸುಮ್ನೆ ಓದುಗರಿಗೂ ಇದೇ ಉತ್ತರ. ದುಡ್ಡಿದ್ದವರಿಗೆ ಬರಲ್ಲ ಅಂತ ಇಲ್ಲಿ ಯಾರೂ ಹೇಳಿಲ್ಲ.

---

ಅಂಕಿಅಂಶ ರಾಯರು

ಇನ್ನೊಂದು ಸೇರಿಸುತ್ತೇನೆ, ಯಾಕೆಂದರೆ ಮಗು ಕಳೆದುಕೊಂಡ ಆ ಹೆಂಗಸಿನ ವಿಷಯ ಮೊದಲ ಪೋಸ್ಟ್‌ನಲ್ಲೇ ಬಂದಿದೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್‌ನ ಕ್ಯಾಂಬರ್‌ವೆಲ್‌ನಲ್ಲಿ ಸಾಮಾನ್ಯ ಮನೆಗಳ ಹೆಂಗಸರನ್ನು ಮಾತಾಡಿಸಿ 1978ರಲ್ಲಿ ಪ್ರಕಟಿಸಿದ ಕೆಲಸ ಇದೆ. ಖಿನ್ನತೆಗೆ ಮೊದಲು ಸಾವು, ಕೆಲಸ ಹೋಗುವುದು, ಮನೆ ಕಳೆದುಕೊಳ್ಳುವುದು, ವರ್ಷಗಟ್ಟಲೆ ಎಳೆಯುವ ಕಷ್ಟ, ಇಂಥದ್ದು ಯಾವುದೋ ಒಂದು ಹೆಚ್ಚಿನವರಲ್ಲಿ ಸಿಕ್ಕಿತು. ಆದರೆ ಅಂಥ ಏಟು ಬಿದ್ದವರೆಲ್ಲರಿಗೂ ಖಿನ್ನತೆ ಬರಲಿಲ್ಲ. ಬಂದವರಲ್ಲಿ ನಾಲ್ಕು ಸಂಗತಿ ಮತ್ತೆ ಮತ್ತೆ ಕಂಡವು. ಮನಸ್ಸು ಬಿಚ್ಚಿ ಹೇಳಿಕೊಳ್ಳೋಕೆ ಗಂಡನೋ ಸಂಗಾತಿಯೋ ಇಲ್ಲದಿರುವುದು, ಮನೆಯಲ್ಲಿ 14ರೊಳಗಿನ ಮೂರು ಅಥವಾ ಜಾಸ್ತಿ ಮಕ್ಕಳು, ಹೊರಗೆ ಕೆಲಸ ಇಲ್ಲದಿರುವುದು, 11 ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿರುವುದು. ನಮ್ಮ ಗೋವಾದಲ್ಲಿ ಪಟೇಲ್ ತಂಡ 2002ರಲ್ಲಿ ಬಾಣಂತಿಯರನ್ನು ನೋಡಿದಾಗಲೂ ಬರೀ ಬಡತನ ಸಿಗಲಿಲ್ಲ, ಗಂಡನ ಹೊಡೆತ ಸಿಕ್ಕಿತು, ಹುಟ್ಟಿದ್ದು ಹೆಣ್ಣು ಅನ್ನೋದೂ ಸಿಕ್ಕಿತು.

ಬ್ರೌನ್ ಮತ್ತು ಹ್ಯಾರಿಸ್ ಅವರಿಂದ ನೀವು ಕದಿಯಬೇಕಾದದ್ದು ಅವರ ವಿಧಾನ. "ನಿಮಗೆ ಎಷ್ಟು ಕಷ್ಟ ಆಯಿತು" ಅಂತ ಕೇಳಿದರೆ ಖಿನ್ನತೆ ಇರುವವರು ಎಲ್ಲವನ್ನೂ ದೊಡ್ಡದು ಅಂತಾರೆ, ಅದು ಕಾಯಿಲೆಯ ಮಾತು. ಅದಕ್ಕೆ ಅವರು ಏನಾಯಿತು, ಯಾವಾಗ ಆಯಿತು, ಆಗ ಮನೆ ಸ್ಥಿತಿ ಹೇಗಿತ್ತು ಅಂತ ಮಾತ್ರ ವಿವರವಾಗಿ ಕೇಳಿಕೊಂಡು, ಆ ಹೆಂಗಸಿನ ಈಗಿನ ಮನಸ್ಥಿತಿ ಗೊತ್ತಿಲ್ಲದ ಬೇರೆಯವರ ಕೈಯಲ್ಲಿ ಅದು ಎಷ್ಟು ದೊಡ್ಡ ಏಟು ಅಂತ ಅಂಕ ಹಾಕಿಸಿದರು.

ನಿಮಗೆ ನೂರು ಜನರನ್ನೂ ಮತ್ತೆ ಭೇಟಿಯಾಗೋಕೆ ಆಗಲ್ಲ. ಸ್ಕೋರ್ ಜಾಸ್ತಿ ಇರುವ ಕೆಲವರು, ಅಷ್ಟೇ ಸಾಲ ಇದ್ದೂ ಸ್ಕೋರ್ ಕಡಿಮೆ ಇರುವ ಕೆಲವರು, ಇಷ್ಟನ್ನು ಆರಿಸಿಕೊಂಡು ಮತ್ತೆ ಹೋಗಿ. ಎರಡನೆಯವರೇ ಮುಖ್ಯ, ಅವರನ್ನು ಯಾರೂ ಕೇಳಲ್ಲ. ಮೊದಲ ಸಾಲದಿಂದ ಇವತ್ತಿನವರೆಗೆ ವರ್ಷ ಹಿಡಿದು ಬರೆದುಕೊಳ್ಳಿ. ಇಸವಿ ನೆನಪಾಗದಿದ್ದರೆ ಮಗಳ ಮದುವೆ, ಕೊರೊನಾ, ಊರ ಜಾತ್ರೆ, ಮನೆ ಕಟ್ಟಿದ್ದು ಇಂಥವನ್ನು ಹಿಡಿದು ಕೇಳಿದರೆ ನೆನಪಾಗುತ್ತೆ. ಆಮೇಲೆ ಸ್ಕೋರ್ ಮುಚ್ಚಿಟ್ಟು ನಿಮ್ಮ ಗೆಳತಿಯ ಕೈಯಲ್ಲಿ ಓದಿಸಿ, ಯಾವ ಘಟನೆ ಎಷ್ಟು ದೊಡ್ಡದು ಅಂತ ಅವರು ಹಾಕಲಿ.

---

ಬಯಲುಸೀಮೆ ಹುಡುಗಿ

ಇದು ಮಾಡಬಹುದು ಸರ್! ಗೈಡ್ ಒಪ್ಪುತ್ತಾರಾ ಅನ್ನೋದೇ ಚಿಂತೆ. ಅಂಕಿ ಇಲ್ಲದ ಅಧ್ಯಾಯ ಅಂದರೆ ಅವರಿಗೆ ಆಗಲ್ಲ, ಟೇಬಲ್ ಎಲ್ಲಿ ಅಂತಾರೆ.

---

ತುಂಗಾತೀರ

ಟೇಬಲ್ ಕೊಡಿ. ಮೊದಲ ಅಧ್ಯಾಯದಲ್ಲಿ ಈಗಿರುವ ಲೆಕ್ಕವೇ ಇರಲಿ, ಕಂತಿನ ವಿಧ ಮತ್ತು ಎಷ್ಟು ಕಡೆ ಸಾಲ ಅನ್ನೋದರ ಮೇಲೆ. "ಕಾರಣ" ಅನ್ನೋ ಪದ ತೆಗೆದು "ಸಂಬಂಧ" ಅಂತ ಹಾಕಿ, ಅದಕ್ಕೆ ಯಾವ ಗೈಡೂ ಜಗಳ ಆಡಲ್ಲ. ಎರಡನೇ ಅಧ್ಯಾಯಕ್ಕೆ ರಾಯರು ಹೇಳಿದ್ದು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನವರು ಯಾರಾದರೂ ಯಾವುದು ಮೊದಲು ಅಂತ ಕೇಳೇ ಕೇಳುತ್ತಾರೆ, ಆಗ ನಿಮ್ಮ ಗೈಡ್‌ಗೂ ಉಪಯೋಗಕ್ಕೆ ಬರುತ್ತೆ ಅಂತ ಅವರಿಗೆ ಹೇಳಿ ನೋಡಿ.

---

ಡಿಸ್ಟ್ರಿಕ್ಟ್ ಡೈರಿ

ಮತ್ತೆ ಹೋಗುವುದಾದರೆ ಮಂಗಳವಾರ ಬುಧವಾರ ಬೆಳಿಗ್ಗೆ ಹೋಗಬೇಡ, ನಮ್ಮ ಕಡೆ ಬಹಳ ಹಳ್ಳಿಗಳಲ್ಲಿ ಅದೇ ಕಲೆಕ್ಷನ್ ಟೈಮು. ನಿನ್ನ ಕಡೆ ಯಾವಾಗ ಅಂತ ಆಶಾ ಅಕ್ಕನ ಹತ್ತಿರ ಕೇಳಿಕೋ. ಫೈನಾನ್ಸ್‌ನ ಹುಡುಗರ ಬೈಕ್ ನಿಂತಿರುವಾಗ ನೀನೂ ಫಾರಂ ಹಿಡಿದು ಹೋದರೆ ನಿನ್ನನ್ನೂ ಅವರ ಕಡೆಯವಳು ಅಂದುಕೊಳ್ಳುತ್ತಾರೆ. ತಾಲ್ಲೂಕು ಯಾವುದು ಅಂತ ಇಲ್ಲಿ ಹಾಕಬೇಡ, ನನಗೆ ಖಾಸಗಿ ಮೆಸೇಜ್ ಮಾಡು. ಆ ಕಡೆ ಕೆಲಸ ಮಾಡುವ ಸಹೋದ್ಯೋಗಿ ಯಾರಿದ್ದಾರೆ ನೋಡಿ ಹೇಳುತ್ತೇನೆ. ತವರಿಗೆ ಹೋದವರ ವಿಷಯ ನಾಳೆ ಫೋನ್ ಸಿಕ್ಕ ತಕ್ಷಣ ತಿಳಿಸು.